ಬ್ಯಾಚ್-೭ ಓಗೊಟ್ಟಿತು

ಕರೆದರೆ ಓಗೊಡುವವರಿರುವುದು ಬದುಕಿನ ದೊಡ್ಡ ಭಾಗ್ಯ. ಹೈದರಾಬಾದಿನ ದಿಲ್‌ಸುಖ್‌ನಗರದ ನಮ್ಮ ಬಾಡಿಗೆ ಮನೆಯಲ್ಲಿ ಈ ಭಾಗ್ಯ ಎರಡು ಪಾಲು ಬಂದು, ಹೆಂಡತಿಯ ಕೆಲಸಕ್ಕೇ ಕುತ್ತು ತಂದಿತು.

ಆಗ ಅವಳು ಮನೆಯಲ್ಲೇ ಕೂತು, ಅಮೆರಿಕದ ಡಾಕ್ಟರರು ಮಾತಾಡಿ ಕಳಿಸಿದ್ದನ್ನು ಕೇಳಿ ಟೈಪು ಮಾಡುತ್ತಿದ್ದಳು. ಮಧ್ಯಾಹ್ನ ಹನ್ನೆರಡರೊಳಗೆ ಅದು ಕಂಪನಿಗೆ ಮುಟ್ಟಬೇಕು. ಮೂರು ಸಲ ತಡವಾದರೆ ಕೆಲಸ ಇನ್ನೊಬ್ಬರ ಪಾಲು. ಎರಡು ಸಲ ಆಗಲೇ ತಡವಾಗಿತ್ತು. ಕೇಬಲ್‌ನವರ ಇಂಟರ್‌ನೆಟ್ ಒಮ್ಮೆ ಸಿಗುತ್ತಿತ್ತು, ಒಮ್ಮೆ ‘ಪಾಸ್‌ವರ್ಡ್ ತಪ್ಪು’ ಎನ್ನುತ್ತಿತ್ತು.

ಕೇಬಲ್ ಆಫೀಸಿನವನು ರಾಯಚೂರು ಕಡೆಯವನು. ಕನ್ನಡದವರೆಂಬ ಸಲಿಗೆಯಿಂದ ಬುದ್ಧಿ ಹೇಳುತ್ತಿದ್ದ.

“ಅಕ್ಕಾವ್ರಿಗೆ ಸಾವಕಾಶ ಟೈಪ್ ಮಾಡಾಕ ಹೇಳ್ರಿ ಸರ. ನಮ್ಮ ಕಡೆ ಎಲ್ಲಾ ಬರೋಬ್ಬರಿ ಐತಿ.”

ನಾಲಿಗೆ ಹೊರಳದ ರೋಗಗಳ ಹೆಸರನ್ನು ತಪ್ಪಿಲ್ಲದೆ ಬರೆಯುವವಳಿಗೆ ಎಂಟಕ್ಷರದ ಪಾಸ್‌ವರ್ಡ್ ಬರುವುದಿಲ್ಲವಂತೆ!

ಶುಕ್ರವಾರ ಹನ್ನೊಂದಕ್ಕೆ ಮತ್ತೆ ಕೈಕೊಟ್ಟಿತು. “ಇವತ್ತೂ ತಡ ಆತಂದ್ರ ಮುಗೀತ್ರಿ” ಎಂದಳು.

ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇತ್ತು. ಅದರ ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಆಜ್ಞೆ ಟೈಪಿಸಿದರೆ, ಅದು ತಂತಿಗುಂಟ “ಇಂಟರ್‌ನೆಟ್ ಕೊಡುವ ಸರ್ವರ್ ಯಾರಿದ್ದೀರಿ?” ಎಂದು ಕೂಗಿ, ಓಗೊಟ್ಟವರ ಹೆಸರನ್ನು ತೋರಿಸುತ್ತದೆ. ಒಬ್ಬನೇ ಇರಬೇಕು. ಇಬ್ಬರಿದ್ದರು. ಎರಡನೆಯ ಹೆಸರು ಕೇಬಲ್ ಕಂಪನಿಯದು. ಮೊದಲು ಓಗೊಟ್ಟವನ ಹೆಸರು ‘ಬ್ಯಾಚ್-೭’. ಹೆಂಡತಿಯ ಕಂಪ್ಯೂಟರೋ, ಯಾರು ಮೊದಲು ಓಗೊಟ್ಟರೆ ಅವರ ಕೈಗೇ ಪಾಸ್‌ವರ್ಡ್ ಒಪ್ಪಿಸುವಂಥ ಸಜ್ಜನ. ಅವಳ ಗುರುತೇ ಇಲ್ಲದ ಬ್ಯಾಚ್-೭ ಅದನ್ನು ‘ತಪ್ಪು’ ಎಂದು ತಿರುಗಿಸಿ ಕಳಿಸುತ್ತಿತ್ತು.

ಇಡೀ ಹೈದರಾಬಾದು ಕಂಪ್ಯೂಟರ್ ಕಲಿಯಲು ಹೊರಟಿದ್ದ ಕಾಲ. ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ನೆಟ್‌ವರ್ಕಿಂಗ್ ಕಲಿಸುವ ಕೋಚಿಂಗ್ ಸೆಂಟರ್ ಇತ್ತು. ಇಳಿದು ಹೋದೆ. ಏಳನೇ ಬ್ಯಾಚಿನವರು ಅಭ್ಯಾಸಕ್ಕೆಂದು ಒಂದು ಸರ್ವರ್ ಕಟ್ಟಿ, ಅದನ್ನು ಕಟ್ಟಡದ ಕೇಬಲ್ ಪೆಟ್ಟಿಗೆಗೇ ಸಿಕ್ಕಿಸಿದ್ದರು. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಂಡತಿಯ ಲಾಗಿನ್ ಹೆಸರು. ಅದರ ಕೆಳಗೆ: ‘ಉದಾಹರಣೆ: ಪಾಸ್‌ವರ್ಡ್ ಮರೆತ ಕಸ್ಟಮರ್.’

“ಇದೇ ರಿಯಲ್ ಟೈಮ್ ಟ್ರೈನಿಂಗ್ ಅಂಡಿ!” ಎಂದರು ಮಾಸ್ಟರು, ತೆಲುಗು ಬೆರೆತ ಕನ್ನಡದಲ್ಲಿ. “ನಿಜವಾದ ಕಸ್ಟಮರ್ ಬೇರೆ ಎಲ್ಲಿ ಸಿಗ್ತಾರೆ?”

“ಆ ಕಸ್ಟಮರ್ ನನ್ನ ಹೆಂಡತಿ.”

“ಔನಾ! ಮೇಡಂಗೆ ತಾಳ್ಮೆ ಬಹಳ ಸಾರ್. ಹನ್ನೊಂದರಿಂದ ನಲವತ್ತು ಸಲ ಟ್ರೈ ಮಾಡಿದಾರೆ.”

“ವೈರ್ ತೆಗೀರಿ.”

“ಪ್ರಾಕ್ಟಿಕಲ್ ನಡೀತಿದೆ ಸಾರ್. ಹನ್ನೆರಡೂವರೆಗೆ ಬಿಡ್ತೀವಿ.”

ಗೌರವಸ್ಥ ಗೃಹಸ್ಥನಾದ ನಾನು ಅಷ್ಟೂ ವಿದ್ಯಾರ್ಥಿಗಳ ಸಮಕ್ಷಮದಲ್ಲಿ ಪೆಟ್ಟಿಗೆಗೆ ಕೈಹಾಕಿ, ಸಿಕ್ಕ ವೈರುಗಳನ್ನು ಒಂದೇ ಸಲಕ್ಕೆ ಕಿತ್ತೆ. ಬಂದದ್ದು ಎರಡು. ಒಂದು ಬ್ಯಾಚ್-೭ರದು. ಇನ್ನೊಂದು ಇಡೀ ಕಟ್ಟಡಕ್ಕೆ ಇಂಟರ್‌ನೆಟ್ ತರುವ ವೈರು. ಅದರ ತುದಿ ಮುರಿದು ನನ್ನ ಕೈಯಲ್ಲೇ ಉಳಿಯಿತು.

ರಾಯಚೂರಿನವನು ಬಂದು ಹೊಸ ತುದಿ ಹಾಕಿ, ಹೆಂಡತಿಯಿಂದಲೇ ಲಾಗಿನ್ ಮಾಡಿಸಿ ನೋಡಿದ. ಒಂದೇ ಸಲಕ್ಕೆ ಆಯಿತು.

“ಅಕ್ಕಾವ್ರ ಪಾಸ್‌ವರ್ಡ್ ಬರೋಬ್ಬರಿನ ಐತಲ್ರಿ ಸರ!” ಎಂದು ಬೆರಗಾದ.

ಆಗ ಹನ್ನೆರಡೂಕಾಲು. ಅಂದು ಸಂಜೆ ಕಂಪನಿಯವರು ಅವಳ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟರು.