ಬಡಿದು ನೋಡಿ ಕೊಂಡ ಕಂಪ್ಯೂಟರ್

ಶಹಾಬಾದಿನಲ್ಲಿ ಹುಟ್ಟಿದವನು ಯಾವ ವಸ್ತುವನ್ನೂ ಬಡಿದು ನೋಡದೆ ಕೊಳ್ಳುವುದಿಲ್ಲ. ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನಬೇಕು. ಮಂಕಾಗಿ ಸದ್ದು ಮಾಡಿದರೆ ಒಳಗೆಲ್ಲೋ ಬಿರುಕಿದೆ ಎಂದರ್ಥ. ಕಲ್ಲಿನ ವ್ಯಾಪಾರದಲ್ಲೇ ಕೂದಲು ಹಣ್ಣಾದ ನಾನು ಈ ನಿಯಮವನ್ನು ಕೊಡಗಳ ಮೇಲೆ, ಬಾಗಿಲುಗಳ ಮೇಲೆ, ಒಮ್ಮೆ ಬೀಗರ ಟ್ರಂಕಿನ ಮೇಲೂ ಪ್ರಯೋಗಿಸಿದ್ದೇನೆ.

ಹೋದ ವರ್ಷ ಮನೆಗೆ ಕಂಪ್ಯೂಟರ್ ಕೊಳ್ಳುವ ಪ್ರಸಂಗ ಒದಗಿತು. ಹೆಂಡತಿಯ ತವರು ತೆಲಂಗಾಣದ ಗಡಿಗೆ ಹತ್ತಿದ ಕುಂಚಾವರಂ ಕಡೆ. ಅವಳ ಅವ್ವ ತೀರಿಕೊಳ್ಳುವ ಮೊದಲು ಬೀಸುಕಲ್ಲಿನ ಮುಂದೆ ಕೂತು ಹಾಡಿದ ಹಾಡುಗಳು ಫೋನಿನಲ್ಲಿದ್ದವು. ಅರ್ಧ ಕನ್ನಡ, ಅರ್ಧ ತೆಲುಗು, ಸೋತ ದನಿ. ಅವನ್ನು ಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಒಂದೊಂದು ಮಾತನ್ನೂ ಕೇಳಿ ಟೈಪು ಮಾಡಿಡಬೇಕೆಂಬುದು ಅವಳ ಹಟ. ಪಕ್ಕದ ವಾಡಿ ಪಟ್ಟಣದಲ್ಲಿ ಅಗ್ಗಕ್ಕೆ ಸಿಕ್ಕಿದ್ದ ನಮ್ಮ ಹಳೆಯ ಕಂಪ್ಯೂಟರು ಧೂಳು ಕುಡಿದು, ಕಲ್ಲು ಕೊಯ್ಯುವ ಮಶಿನ್ನಿನಂತೆ ಒದರಿ, ಒಂದು ದಿನ ಶಾಶ್ವತ ಮೌನ ಧರಿಸಿತ್ತು.

ಇಬ್ಬರೂ ಬಜಾರಿಗೆ ಹೋದೆವು. ಅಂಗಡಿಯ ತರುಣ ಮಾಲೀಕ ರೊಟ್ಟಿ ಡಬ್ಬಿಗಿಂತ ಚಿಕ್ಕದೊಂದು ಪೆಟ್ಟಿಗೆ ತಂದಿಟ್ಟ.

"ಇದೇನಪ್ಪ?"

"ಕಂಪ್ಯೂಟರ್ ರಿ, ಕಾಕಾ. ಪೂರಾ ಇಷ್ಟೇ."

"ಉಳಿದದ್ದು ಗೋದಾಮಿನ್ಯಾಗ ಅದ ಏನು?"

ಎತ್ತಿ ನೋಡಿದೆ. ತೂಕವಿಲ್ಲ. ತಟ್ಟಿದರೆ ಒದ್ದೆ ಹಲಗೆಯಂತೆ ದಬ್ ಎಂದಿತು. ಪಕ್ಕದಲ್ಲಿ ಮೊಣಕಾಲೆತ್ತರದ ತಗಡಿನ ಕಂಪ್ಯೂಟರೊಂದು ಊರ ಗೌಡನ ಗಾಂಭೀರ್ಯದಿಂದ ನಿಂತಿತ್ತು. ಬಡಿದೆ. ಠಣ್!

"ಇದು ನೋಡು ಮಾಲು!"

"ಕಾಕಾ, ಅದು ಫರಸಿ ಅಲ್ರಿ. ಒಳಗ ಅರ್ಧ ಗಾಳೀನೇ ಅದ. ಟೈಪ್ ಮಾಡ್ಲಿಕ್ಕ, ಹಾಡ ಕೇಳ್ಲಿಕ್ಕ ಈ ಸಣ್ಣದೇ ಸಾಕ್ರಿ. ಅಗ್ಗನೂ ಆಗ್ತದ."

ದುಬಾರಿಯದನ್ನು ಬಿಟ್ಟು ಅಗ್ಗದ್ದನ್ನು ಮಾರಲು ಇಷ್ಟು ಆತುರಪಡುವ ವ್ಯಾಪಾರಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅನುಮಾನ ಗಟ್ಟಿಯಾಯಿತು.

"ಎರಡೂ ಚಾಲೂ ಮಾಡಪ್ಪ" ಎಂದಳು ಹೆಂಡತಿ. ತನ್ನ ಫೋನಿನ ಒಂದು ಹಾಡನ್ನು ಎರಡಕ್ಕೂ ಹಾಕಿಸಿದಳು. ದೊಡ್ಡದರ ಫ್ಯಾನು ಗುಂಯ್ ಎನ್ನತೊಡಗಿತು. ಅವಳು ಸ್ಪೀಕರಿಗೆ ಕಿವಿ ಹಚ್ಚಿ, ಮುಖ ಹಿಂಡಿ, ಅವ್ವನ ದನಿ ಕೇಳಿಸುವುದಿಲ್ಲವೆಂದು ತಲೆಯಾಡಿಸಿಬಿಟ್ಟಳು. ಸಣ್ಣದರಲ್ಲಿ ಫ್ಯಾನೇ ಇಲ್ಲವಂತೆ. ಚಾಲೂ ಇದೆಯೋ ಬಂದ್ ಆಗಿದೆಯೋ ತಿಳಿಯಗೊಡದ ಯಂತ್ರವನ್ನು ನಂಬುವುದು ಹೇಗೆ? ತಡೆಯಲಾಗದೆ ಬೆರಳು ಮಡಚಿ ಅದರ ನೆತ್ತಿಗೆ ಮತ್ತೊಮ್ಮೆ ಬಡಿದೆ.

"ರೀ, ಬಡೀಬ್ಯಾಡ್ರಿ. ಅವ್ವ ಹಾಡ್ಲಿಕತ್ತಾಳ."

ಕೈ ಹಿಂದಕ್ಕೆ ತೆಗೆದುಕೊಂಡೆ. ಆಗ ನನಗೂ ಕೇಳಿಸಿತು. ಸಾಲು ಮುಗಿದಲ್ಲಿ ಅತ್ತೆಯವರು ಎಳೆದುಕೊಳ್ಳುವ ಉಸಿರು, ಅದರ ಹಿಂದೆ ಬೀಸುಕಲ್ಲು ತಿರುಗುವ ಸದ್ದು. ಹೆಂಡತಿ ಕಣ್ಣು ಮುಚ್ಚಿ ಒಂದು ತೆಲುಗು ಮಾತನ್ನು ತುಟಿಯಲ್ಲೇ ಹೇಳಿಕೊಂಡಳು.

"ಸಣ್ಣದನ್ನೇ ಕಟ್ಟಿಕೊಡಪ್ಪ" ಎಂದೆ.

ಆ ಬೀಸುಕಲ್ಲಿನಲ್ಲಿ ಬಿರುಕಿರಲಿಲ್ಲ, ಸದ್ದು ಕೇಳಿದ ಮೇಲೆ ಅಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಆ ಸಣ್ಣ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಈಗಲೂ ಏನೂ ಹೇಳಲಾರೆ.