ಕಟ್ಟು ನಮಗೆ, ಕಾಳು ಅವಳಿಗೆ

ಆ ದಿನ ನಮ್ಮವರು ಬೆಳಿಗ್ಗೆಯ ರೈಲಿಗೊಮ್ಮೆ, ಮಧ್ಯಾಹ್ನದ ರೈಲಿಗೊಮ್ಮೆ ಊಟಿ ಸ್ಟೇಷನ್ನಿಗೆ ಜಟಕಾ ಕಟ್ಟಿದ್ದರು. ಮಧ್ಯಾಹ್ನ ಬಂದವರ ಸಾಮಾನು ಹೆಚ್ಚಾಗಿ, ಏರಿನಲ್ಲಿ ತಾವು ಕೆಳಗಿಳಿದು ನಮ್ಮ ಹೆಣ್ಣು ಕುದುರೆಯ ಪಕ್ಕದಲ್ಲೇ ನಡೆದರಂತೆ. ಮುಂಗಾರಿನ ಮೊದಲ ಮಳೆ ಬಿದ್ದು ಕೆರೆಯ ಬದಿಯಲ್ಲಿ ಎಳೆ ಹುಲ್ಲು ಎದ್ದಿತ್ತು. ಸಂಜೆ ಅವಳನ್ನು ಅಲ್ಲಿ ಬಿಟ್ಟು ಹೊಟ್ಟೆ ತುಂಬ ಮೇಯಿಸಿಕೊಂಡು ಬಂದರು. ಮನೆಯಲ್ಲಿ ನಾನು ಬೇಯಿಸಿಟ್ಟಿದ್ದ ಹುರುಳಿಗೆ ಬೆಲ್ಲ ಕಲಸಿ ಬುಟ್ಟಿಯಲ್ಲಿ ಕೊಟ್ಟರು. ಅವಳು ಬುಟ್ಟಿಯ ತಳ ನೆಕ್ಕಿ, ಇನ್ನೂ ಇದೆಯೇ ಎಂಬಂತೆ ಅವರ ತೋಳಿಗೆ ಮೂತಿ ಒತ್ತಿದಳು. ನಮ್ಮವರು ನಕ್ಕರು. ಆ ದಿನದ ಬಗ್ಗೆ ಹೇಳಲು ಇದಕ್ಕಿಂತ ಹೆಚ್ಚೇನೂ ಇಲ್ಲ.

ನಾವು ಗುಂಡ್ಲುಪೇಟೆ ಕಡೆಯವರು. ಘಟ್ಟ ಹತ್ತಿ ಬಂದು ನೆಲೆಸಿದ ಮೇಲೂ ನಮ್ಮ ಒಲೆಯ ಮೇಲಿನ ಪಾತ್ರೆ ಬದಲಾಗಲಿಲ್ಲ. ದಿನವೂ ಹುರುಳಿ ಬೇಯಬೇಕು. ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದು ನಮಗೆ ಸಾರು. ಉಳಿದ ಕಾಳು ದುಡಿಯುವ ಪ್ರಾಣಿಗೆ. ಊರಿನಲ್ಲಿ ಎತ್ತಿಗೆ ಹೋಗುತ್ತಿದ್ದುದು ಇಲ್ಲಿ ಕುದುರೆಗೆ ಹೋಗುತ್ತಿತ್ತು, ಅಷ್ಟೇ. ಮನೆಯವರೂ ಪ್ರಾಣಿಯೂ ಒಂದೇ ಪಾತ್ರೆಯಲ್ಲಿ ಬೆಂದದ್ದನ್ನು ಉಂಡರೆ ಮನೆಗೆ ಒಳ್ಳೆಯದು ಎಂದು ನಮ್ಮ ಅತ್ತೆ ನಂಬಿದ್ದರು. ನಾನೂ ನಂಬಿದ್ದೆ.

ಮರುದಿನ ಬೆಳಿಗ್ಗೆ ಅವಳು ಲಾಯದಿಂದ ಹೊರಗೆ ಬರಲಿಲ್ಲ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹಾಕಿ ನಿಂತಿದ್ದಳು. ನಮ್ಮವರು ಗೊರಸಿನ ಮೇಲೆ ಅಂಗೈ ಇಟ್ಟು, ನನ್ನನ್ನೂ ಕರೆದು ಮುಟ್ಟಿಸಿದರು. ಆ ಚಳಿಯಲ್ಲಿ ಗೊರಸು ಒಲೆಯ ಪಕ್ಕದ ಕಲ್ಲಿನಂತೆ ಬಿಸಿಯಾಗಿತ್ತು.

ದನದ ಡಾಕ್ಟರು ಬಂದರು. ತಮಿಳಿನವರು, ಮಾತು ಕಡಿಮೆ. ಹುಲ್ಲು ಎಲ್ಲಿ ಮೇಯಿಸಿದಿರಿ, ಏನು ತಿನ್ನಿಸುತ್ತೀರಿ ಎಂದೆಲ್ಲ ಕೇಳಿ ತಿಳಿದುಕೊಂಡರು. ಲಾಳ ಕೀಳಿಸಿ, ಬೆಳಿಗ್ಗೆ ಸಂಜೆ ತೊರೆಯ ತಣ್ಣೀರಿನಲ್ಲಿ ನಿಲ್ಲಿಸಿ ಎಂದರು. ಹಸಿ ಹುಲ್ಲು ಬೇಡ. ಒಣ ಹುಲ್ಲನ್ನು ನೆನೆಸಿ ಕೊಡಿ, ಜೊತೆಗೆ ತೆಳ್ಳನೆಯ ಬೂಸಾ ಗಂಜಿ. ತಾವು ಹೇಳುವ ತನಕ ಗಾಡಿ ಕಟ್ಟಲೇಬಾರದು. ಹುರುಳಿಗೆ ಅವರು ಕೊಳ್ಳು ಎನ್ನುತ್ತಿದ್ದರು.

"ಕೊಳ್ಳು ಮಾತ್ರ ಬೇಡ. ಒಂದು ಹಿಡಿ ಕೂಡ ಬೇಡ," ಎಂದರು.

ಅವರು ಹೋದ ಮೇಲೆ ನಾವು ಮೂವರೂ ಒಲೆಯ ಮುಂದೆ ಕುಳಿತು ಆ ಮಾತನ್ನು ತೂಗಿ ನೋಡಿದೆವು. ಇವಳಿಗೆ ಮೊದಲು ನಮ್ಮಲ್ಲಿದ್ದ ಗಂಡು ಕುದುರೆಗೆ ಗೊರಸು ಕೊಳೆತಿತ್ತು. ಆಗ ಇದೇ ಡಾಕ್ಟರು ಕಾಲಿಗೆ ತೇವ ತಾಕಿಸಬೇಡಿ ಎಂದು ಹೇಳಿದ್ದಕ್ಕೆ ನಾವು ಲಾಯಕ್ಕೆ ಹಲಗೆ ಹಾಸಿದ್ದೆವು. ಈಗ ತೊರೆಯಲ್ಲಿ ನಿಲ್ಲಿಸಿ ಎನ್ನುತ್ತಾರೆ. ಅದು ಹೊರಗಿನ ಕೊಳೆ, ಇದು ಒಳಗಿನ ಬಾವು. ಉಗುರಿನ ಕೆಳಗೆ ಬಾವು ಬಂದರೆ ಊದಲು ಜಾಗವಿಲ್ಲದೆ ಹೇಗೆ ನೋಯುತ್ತದೋ ಹಾಗೆ ಎಂದು ಅವರು ವಿವರಿಸಿಯೇ ಹೋಗಿದ್ದರು. ಕೇಳುವಾಗ ತಲೆ ಆಡಿಸಿದ್ದೆವು. ಆದರೆ ಆ ತೊರೆಯ ನೀರಿಗೆ ಕಾಲಿಟ್ಟರೆ ಮನುಷ್ಯರಿಗೇ ಮೂಳೆ ನೋಯುತ್ತಿತ್ತು.

ಲಾಳ ಕೀಳಲು ಬಂದವನೂ ಸುಮ್ಮನೆ ಹೋಗಲಿಲ್ಲ. "ಹಸಿದ ಕುದುರೆಗೆ ಕಾಲು ಬರ್ತದಾ ಅಣ್ಣ? ಡಾಕ್ಟ್ರು ಪುಸ್ತಕ ಓದವ್ರೆ, ಏರು ಹತ್ತಿಲ್ಲ," ಎಂದ.

ಅತ್ತೆಗೆ ಅಷ್ಟು ಸಾಕಾಯಿತು. "ದುಡಿಯೋ ಬಾಯಿಗೆ ಮಣ್ಣು ಹಾಕು ಅಂತಾನಲ್ಲ, ಅವನ ಮನೇಲಿ ಯಾರಿಗೂ ಕಾಯಿಲೆ ಬಂದಿಲ್ವಾ? ಬಾಣಂತಿಗೆ ಊಟ ಬಿಡಿಸ್ತಾರಾ?"

"ಬಾಣಂತಿ ಅಲ್ಲ ಕಣವ್ವ, ಕುದುರೆ," ಎಂದರು ನಮ್ಮವರು.

"ಆಗ್ಲಿ. ಮೂಕಪ್ರಾಣಿ. ಅದಕ್ಕೆ ಇನ್ನೂ ಪಾಪ."

ಕೊನೆಗೆ ನಡುದಾರಿ ಹಿಡಿದೆವು. ಲಾಳ ತೆಗೆಸಿದೆವು, ಗಾಡಿ ಕಟ್ಟಲಿಲ್ಲ, ಹಸಿ ಹುಲ್ಲು ನಿಲ್ಲಿಸಿದೆವು. ತೊರೆಗೆ ಕರೆದೊಯ್ಯದೆ ಒದ್ದೆ ಗೋಣಿಯನ್ನು ಕಾಲಿಗೆ ಸುತ್ತಿದೆವು. ಕೆಲವು ದಿನ ಹುರುಳಿಯನ್ನೂ ಬೇಯಿಸಲಿಲ್ಲ. ಬೇಳೆ ಸಾರು ಮಾಡಿದರೆ ಅತ್ತೆ ಮುದ್ದೆಯನ್ನು ತಟ್ಟೆಯಲ್ಲೇ ತಳ್ಳುತ್ತ ಕುಳಿತಿರುತ್ತಿದ್ದರು. ಆದರೆ ಕುದುರೆ ಚೇತರಿಸಿಕೊಂಡಳು. ಒಂದು ಬೆಳಿಗ್ಗೆ ತಾನಾಗಿಯೇ ಅಂಗಳಕ್ಕೆ ಬಂದು ಬಿಸಿಲಿಗೆ ನಿಂತಳು. ನಮ್ಮವರು ನನ್ನನ್ನು ಕೂಗಲಿಲ್ಲ. ಅಡಿಗೆಮನೆಗೆ ಬಂದು, ಕೈ ಹಿಡಿದು, ಹೊರಗೆ ಕರೆದುಕೊಂಡು ಹೋಗಿ ತೋರಿಸಿದರು.

ಆಮೇಲೆ ಮಳೆ ಬಲವಾಗಿ ಹಿಡಿಯಿತು. ಅತ್ತೆಗೆ ನೆಗಡಿ, ಮೈ ನಡುಕ. ಹುರುಳಿ ಕಟ್ಟಿನ ಸಾರು ಬಿಟ್ಟರೆ ಬೇರೇನೂ ಇಳಿಯುವುದಿಲ್ಲ ಎಂದರು. ಅವರಿಗಾಗಿ ಪಾತ್ರೆ ಮತ್ತೆ ಒಲೆಯ ಮೇಲೆ ಕುಳಿತಿತು. ಕಟ್ಟು ಬಸಿದ ಮೇಲೆ ಕಾಳು ಉಳಿಯಿತು. ಬೆಂದ ಕಾಳನ್ನು ಚೆಲ್ಲುವ ಮನೆ ನಮ್ಮದಲ್ಲ. ನೆರೆಮನೆಯಲ್ಲಿ ಕರೆಯುವ ಎಮ್ಮೆ ಇತ್ತು, ಅಲ್ಲಿಗೆ ಕೊಟ್ಟುಬಿಡಬಹುದಿತ್ತು ಎಂದು ಈಗ ಹೊಳೆಯುತ್ತದೆ. ಆಗ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಾಳು ಅವಳದು, ಇನ್ನೊಬ್ಬರ ಪ್ರಾಣಿಗೆ ಹಾಕಿದರೆ ಅವಳ ಪಾಲನ್ನು ಕಿತ್ತಂತೆ ಎಂದೇ ನಮ್ಮ ಕೈಗಳಿಗೆ ಗೊತ್ತಿದ್ದುದು. ಬೇಯುವ ವಾಸನೆಗೆ ಅವಳು ಲಾಯದಲ್ಲಿ ಕೆನೆಯುತ್ತಿದ್ದಳು. ನಮ್ಮವರು ಸ್ವಲ್ಪ ಹೊತ್ತು ಕೇಳಿಸದವರಂತೆ ಕುಳಿತು, ಆಮೇಲೆ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದರು. ಮೊದಲ ದಿನ ಒಂದು ಹಿಡಿ. ಅತ್ತೆ ಗುಣವಾದ ಮೇಲೂ ಪಾತ್ರೆ ಒಲೆಯಿಂದ ಇಳಿಯಲಿಲ್ಲ. ಅವಳು ಓಡಾಡುತ್ತಿದ್ದಳಲ್ಲ, ಹಾಗಾಗಿ ಹಿಡಿ ದೊಡ್ಡದಾದದ್ದು ನಮ್ಮ ಗಮನಕ್ಕೆ ಬರಲಿಲ್ಲ.

ಮಳೆ ನಿಲ್ಲುವ ಮೊದಲೇ ಅವಳು ಮಲಗಿದಳು. ಎಬ್ಬಿಸಿದರೆ ನಡುಗುತ್ತ ಎದ್ದು, ಮತ್ತೆ ಮಲಗುತ್ತಿದ್ದಳು. ಡಾಕ್ಟರು ಬಂದು ಕಾಲೆತ್ತಿ ನೋಡಿದರು. ಗೊರಸಿನ ಒಳಗಿನ ಮೂಳೆ ಕೆಳಕ್ಕೆ ತಿರುಗಿ ಅಂಗಾಲನ್ನು ಒತ್ತಿ ಒಡೆದಿತ್ತು. ಅವರು ಕಾಲನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟರು.

"ಕೊಳ್ಳು ಕೊಟ್ಟಿರಾ?"

"ಸ್ವಲ್ಪ," ಎಂದರು ನಮ್ಮವರು.

"ಸ್ವಲ್ಪ ಅಂದ್ರೆ, ದಿನಾನಾ?"

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ನಮ್ಮವರು ತಮ್ಮ ಪರವಾಗಿ ಏನಾದರೂ ಹೇಳುತ್ತಿದ್ದರೋ ಏನೋ. ಇನ್ನು ನೋಯಿಸುವುದು ಬೇಡ, ನಾಳೆ ಬಂದೂಕಿನವನನ್ನು ಕಳುಹಿಸುತ್ತೇನೆ ಎಂದಷ್ಟೇ ಹೇಳಿ ಕೊಡೆ ಬಿಚ್ಚಿಕೊಂಡು ಹೊರಟರು.

ಮರುದಿನ ನಾನು ಹೊರಗೆ ಬರಲಿಲ್ಲ. ಸದ್ದು ಕೇಳಿತು. ಆಮೇಲೆ ಎತ್ತಿನ ಗಾಡಿ ಹೋದದ್ದು ಕೇಳಿತು. ಗಾಡಿಯ ಹಿಂದೆ ನಮ್ಮವರು ನಡೆದು ಹೋದರು. ಸಂಜೆ ಮೊಣಕಾಲಿನ ತನಕ ಕೆಂಪು ಮಣ್ಣು ಮೆತ್ತಿಕೊಂಡು ಬಂದು, ಹಿತ್ತಲಲ್ಲಿ ಬಹಳ ಹೊತ್ತು ಕಾಲು ತೊಳೆದುಕೊಂಡರು. ನಾನು ನೀರು ಹಾಕುತ್ತಲೇ ಇದ್ದೆ. ಎಲ್ಲಿ ಹೂತಿರಿ ಎಂದು ಕೇಳಬೇಕೆನಿಸಿತು. ಅವರ ಮುಖ ನೋಡಿ, ನಾಳೆ ಕೇಳಿದರಾಯಿತು ಎಂದುಕೊಂಡೆ.

ನಮ್ಮವರು ಬೇರೆ ಕುದುರೆ ಕೊಳ್ಳಲಿಲ್ಲ. ಮಾರ್ಕೆಟ್ಟಿನ ಆಲೂಗಡ್ಡೆ ಮಂಡಿಯಲ್ಲಿ ಕೆಲಸಕ್ಕೆ ಸೇರಿದರು. ಅಷ್ಟರಲ್ಲಿ ಬಸ್ಸುಗಳೂ ಬಂದವು. ಜಟಕಾ ಹೇಗೂ ಉಳಿಯುತ್ತಿರಲಿಲ್ಲ ಎಂದು ಜನ ಸಮಾಧಾನ ಹೇಳುತ್ತಿದ್ದರು. ಅವರು ಹೌದು ಎನ್ನುತ್ತಿದ್ದರು. ಭಾನುವಾರಗಳಲ್ಲಿ ಕೆಲವೊಮ್ಮೆ ಎಲ್ಲಿಗೆಂದು ಹೇಳದೆ ಹೋಗಿ, ಮಧ್ಯಾಹ್ನದ ಊಟಕ್ಕೆ ತಡವಾಗಿ ಬರುತ್ತಿದ್ದರು. ಅತ್ತೆ ತೀರಿಕೊಂಡ ಮೇಲೂ ಹಾಗೇ ನಡೆಯಿತು. ಅವಳನ್ನು ಹೂತಲ್ಲಿಗೆ ಎಂದು ನಾನು ಊಹಿಸಿದ್ದೆ. ಒಂದು ಸಲ ನಾನೂ ಬರುತ್ತೇನೆ ಎಂದಿದ್ದರೆ ಬೇಡ ಎನ್ನುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ನಮ್ಮವರೂ ಹೋದರು. ಕರ್ಮ ಮುಗಿದ ಮೇಲೆ ನಾನು ಊರಿನ ಅಂಚಿನ ಇಳಿಜಾರುಗಳಲ್ಲಿ ನಡೆದು ನೋಡಿದೆ. ಎಲ್ಲ ಕಡೆ ಹೊಸದಾಗಿ ಟೀ ಹಾಕಿದ್ದಾರೆ, ಮಣ್ಣೆಲ್ಲ ಒಂದೇ ಕೆಂಪು. ಅಂದು ಎತ್ತಿನ ಗಾಡಿ ಹೊಡೆದವನು ಯಾರೆಂದು ತಿಳಿದವರಿಲ್ಲ. ಅವಳನ್ನು ಎಲ್ಲಿ ಹೂತರು ಎಂಬುದು ನನಗೆ ಗೊತ್ತಿಲ್ಲ.