ಸೋದರಮಾವ ಕೂತೆದ್ದ ಜಾಗ

ಚನ್ನರಾಯಪಟ್ಟಣದ ಸುತ್ತಮುತ್ತ ತೆಂಗಿನ ತೋಟ ಇಟ್ಟವರಲ್ಲಿ ಕಾಯಿ ಸುಲಿಯುವ ಪುಟ್ಟರಾಜುವನ್ನು ಅರಿಯದವರು ಕಡಿಮೆ. ನೆಲಕ್ಕೆ ನೆಟ್ಟ ಹಾರೆಯ ಮುಂದೆ ಕಾಲು ಅಗಲಿಸಿ ನಿಂತು, ಕಾಯನ್ನು ಎರಡೂ ಕೈಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು ಒಮ್ಮೆ ಕುಕ್ಕಿ ತಿರುಚಿದನೆಂದರೆ ಅರ್ಧ ಸಿಪ್ಪೆ ಬಿಟ್ಟುಕೊಳ್ಳುತ್ತಿತ್ತು. ಇನ್ನೊಮ್ಮೆ ತಿರುಚಿದರೆ ಜುಟ್ಟು ಮಾತ್ರ ಉಳಿದ ಕಾಯಿ ಹಿಂದಿನ ಗುಡ್ಡೆಗೆ ಬಿದ್ದಿರುತ್ತಿತ್ತು. ಇಪ್ಪತ್ತನೇ ವಯಸ್ಸಿನಿಂದ ಅದೇ ಕೆಲಸ. ಇದ್ದ ಎರಡೆಕರೆ ಜಮೀನನ್ನು ಹೆಂಡತಿ ಬೆಟ್ಟಮ್ಮ ನೋಡಿಕೊಳ್ಳುತ್ತಿದ್ದಳು. ಅವರಿಗೆ ಮಕ್ಕಳಾಗಲಿಲ್ಲ. ಪುಟ್ಟರಾಜುವಿನ ಅಕ್ಕ ತೀರಿಕೊಂಡಾಗ ಅವಳ ಐದು ವರ್ಷದ ಮಗಳು ದೀಪಶ್ರೀಯನ್ನು ಕರೆತಂದು ಸಾಕಿದರು, ಓದಿಸಿದರು, ಹೊಳೆನರಸೀಪುರಕ್ಕೆ ಮದುವೆ ಮಾಡಿ ಕೊಟ್ಟರು. ಅವಳು ಇವನನ್ನು ಕರೆಯುತ್ತಿದ್ದುದು ಮಾವ ಎಂದು. ಅವಳ ಮಗಳು ಹಂಸಿಕಳಿಗೆ ಇವನು ತಾತ.

ಅರವತ್ತೊಂದನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಪುಟ್ಟರಾಜುವಿಗೆ ಮೂತ್ರ ಕಟ್ಟಿಕೊಂಡಿತು. ಹಾಸನದ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಆದ ಮೇಲೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ, ಹೊರಗೆ ಹರಡಿಲ್ಲ, ಗ್ರಂಥಿಯನ್ನೇ ತೆಗೆಯಬೇಕು ಎಂದರು. ಕಾರ್ತಿಕದಲ್ಲಿ ಆಪರೇಷನ್ ಆಯಿತು. ಮೂತ್ರಕ್ಕೆ ಹಾಕಿದ್ದ ಪೈಪು ತೆಗೆದ ದಿನ ಮಂಚದಿಂದ ಇಳಿದು ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲಗುಂಟ ಮೂತ್ರ ಇಳಿಯಿತು. ಅವನಿಗೆ ತಿಳಿಯಲೇ ಇಲ್ಲ. ನೆಲ ನೋಡಿದಾಗ ತಿಳಿಯಿತು.

"ಶುರುವಿನಲ್ಲಿ ಎಲ್ಲರಿಗೂ ಹಿಂಗೇ ಆಗುತ್ತೆ," ಎಂದರು ಡಾಕ್ಟರು. "ಕೆಲವರಿಗೆ ಆರು ತಿಂಗಳು, ಕೆಲವರಿಗೆ ಒಂದು ವರ್ಷ. ಬಿಗಿ ಹಿಡಿದು ಬಿಡೋ ವ್ಯಾಯಾಮ ದಿನಾ ಮಾಡಿ."

ಯಾವುದನ್ನು ಬಿಗಿ ಹಿಡಿಯಬೇಕು ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೆಲಸಕ್ಕೆ ಹೋಗಿ ನೋಡಿದ. ಮೊದಲ ಕಾಯಿ ಕುಕ್ಕಿದಾಗಲೇ ಚಡ್ಡಿ ಒದ್ದೆಯಾಯಿತು. ಉಸಿರು ಬಿಗಿಹಿಡಿದು ಹೊಟ್ಟೆಗೆ ಶಕ್ತಿ ಹಾಕಿದಷ್ಟೂ ಸಲ ಅದು ಹೊರಗೆ ಬರುತ್ತಿತ್ತು. ನಲವತ್ತು ವರ್ಷ ಅನ್ನ ಹಾಕಿದ ಭಂಗಿಯೇ ಅವನ ಮಾನ ಕಳೆಯುವ ಭಂಗಿಯಾಗಿತ್ತು. ಜೊತೆಯ ಆಳುಗಳು ಬುತ್ತಿ ಬಿಚ್ಚುವಾಗ ದೂರ ಹೋಗಿ ಕೂತ. ಮೂರನೇ ದಿನ ಸೊಂಟ ನೋವೆಂದು ಹೇಳಿ ಮನೆಗೆ ಬಂದವನು ಮತ್ತೆ ಹೋಗಲಿಲ್ಲ.

ಮನೆಯಲ್ಲಿ ಬೆಟ್ಟಮ್ಮನ ಹಳೆಯ ಸೀರೆ ಹರಿದು ಮಡಿಸಿ ಇಟ್ಟುಕೊಂಡ. ಅದರ ಮೇಲೆ ಪ್ಲಾಸ್ಟಿಕ್ ಕವರು ಸುತ್ತಿದ. ತೊಡೆಯ ಸಂದು ಬೆಂದು ಕೆಂಪಾಯಿತು. ನೀರು ಕುಡಿಯುವುದನ್ನು ಬಿಟ್ಟ, ಉರಿಮೂತ್ರ ಶುರುವಾಯಿತು. ಬಿಳಿ ಪಂಚೆ ಪೆಟ್ಟಿಗೆ ಸೇರಿತು. ಊರಲ್ಲಿ ಸತ್ತವರ ಮನೆಗೂ ಹೋಗದಾದ.

ಹೀಗಿರುವಾಗ ವೈಶಾಖದಲ್ಲಿ ದೀಪಶ್ರೀಯ ಹೊಸ ಮನೆಯ ಗೃಹಪ್ರವೇಶ ಬಂತು. ಸೋದರಮಾವ ತಪ್ಪಿಸಿಕೊಳ್ಳುವಂತಿರಲಿಲ್ಲ. ಹಿಂದಿನ ದಿನ ಸಂಜೆಯಿಂದ ನೀರು ಬಿಟ್ಟು, ಬಟ್ಟೆಯನ್ನು ಎರಡು ಪದರ ಹೆಚ್ಚು ಮಡಿಸಿ, ಮಾಸಲು ಬಣ್ಣದ ಪಂಚೆ ಉಟ್ಟು, ಮೇಲೊಂದು ಶಾಲು ಹಾಕಿಕೊಂಡು ಬೆಟ್ಟಮ್ಮನ ಜೊತೆ ಹೋದ. ದೀಪಶ್ರೀ ಕೈಹಿಡಿದು ಕರೆದುಕೊಂಡು ಹೋಗಿ, ನಡುಮನೆಯ ಹೊಸ ದಿವಾನದ ಮೇಲೆ ಕೂರಿಸಿದಳು. ಕೆನೆಬಣ್ಣದ ಹೊದಿಕೆ, ಇನ್ನೂ ಅಂಗಡಿಯ ವಾಸನೆ ಹೋಗಿರಲಿಲ್ಲ.

"ನಾನು ನೆಲದಮ್ಯಾಕೇ ಕೂತ್ಕತೀನಿ ಬುಡವ್ವ."

"ನೀವ್ ಕೂರ್ದೆ ಇನ್ಯಾರ್ ಕೂರ್ಬೇಕು ಮಾವ? ಸುಮ್ಕೆ ಕೂತ್ಕಳಿ."

ನಾಲ್ಕೂವರೆ ವರ್ಷದ ಹಂಸಿಕ ಹೊಸ ಲಂಗ ಸರಬರ ಎಳೆದುಕೊಂಡು ಬಂದು ತಾತನ ಪಕ್ಕ ಹತ್ತಿ ಒರಗಿದಳು. ಬೆಳಗಿನ ನಾಲ್ಕಕ್ಕೇ ಎದ್ದಿದ್ದ ಮಗು, ಅಲ್ಲೇ ನಿದ್ದೆಹೋಯಿತು. ಹೋಮದ ಹೊಗೆ ಒಳಗೆಲ್ಲ ತುಂಬಿತು. ಪುಟ್ಟರಾಜುವಿಗೆ ಕೆಮ್ಮು ಬಂತು. ತಡೆದ. ತಡೆದಷ್ಟೂ ಒತ್ತರಿಸಿ ಬಂತು. ನಾಲ್ಕೈದು ಸಲ ಕೆಮ್ಮಿ ಮುಗಿಸುವಾಗ ಕೆಳಗೆ ಎಲ್ಲ ಮೀರಿಹೋಗಿತ್ತು. ಮಗುವಿನ ತಲೆಯನ್ನು ಮೆಲ್ಲಗೆ ದಿಂಬಿಗೆ ಸರಿಸಿ, ಶಾಲನ್ನು ಹಿಂದಕ್ಕೆ ಇಳಿಬಿಟ್ಟು, ಎದ್ದು ಬಚ್ಚಲಿಗೆ ಹೋದ. ನಿದ್ದೆಯಲ್ಲಿ ಮಗು ಅವನು ಎದ್ದ ಜಾಗಕ್ಕೆ ಹೊರಳಿತು.

ಅವನು ಹೊರಗೆ ಬರುವಷ್ಟರಲ್ಲಿ ದೀಪಶ್ರೀಯ ಅತ್ತೆ ಕಾಮಾಕ್ಷಮ್ಮ ದಿವಾನದ ಮುಂದೆ ನಿಂತಿದ್ದರು.

"ನೋಡವ್ವ ನಿನ್ ಮಗ್ಳ ಕೆಲ್ಸವ. ಪೂಜೆ ದಿಸ, ವಸ ಮನೇಲಿ."

ನೆಂಟರು ತಿರುಗಿ ನೋಡಿದರು. ದೀಪಶ್ರೀ ಬಂದು ಮಗುವಿನ ತೋಳು ಹಿಡಿದು ಎಬ್ಬಿಸಿದಳು. ಲಂಗದ ಹಿಂಬದಿ ಒದ್ದೆಯಾಗಿತ್ತು.

"ಅಮ್ಮ, ನಾನಲ್ಲ," ಎಂದಿತು ಮಗು.

ಕೆನ್ನೆಗೊಂದು ಬಿತ್ತು. "ಸುಳ್ ಬೇರೆ ಯೋಳ್ತೀಯಾ?"

"ನಾನಲ್ಲ."

ಇನ್ನೊಂದು ಬಿತ್ತು. ಮಗು ಒಂದು ಕ್ಷಣ ಉಸಿರು ಕಟ್ಟಿ ನಿಂತು, "ಇನ್ಮ್ಯಾಕೆ ಮಾಡಲ್ಲ ಕಣಮ್ಮ" ಎಂದಿತು. ಯಾರೋ ನಕ್ಕರು. ಪುಟ್ಟರಾಜು ಬಾಗಿಲ ಹತ್ತಿರ ನಿಂತಿದ್ದ. ಬಾಯಿ ತೆರೆದರೆ ಸಾಕಿತ್ತು. ನಾಲ್ಕು ಹೆಜ್ಜೆಯ ದೂರ, ಒಂದು ಮಾತು. ಅವನು ಶಾಲನ್ನು ಇನ್ನಷ್ಟು ಎಳೆದುಕೊಂಡ.

ವಾಪಸು ಬರುವ ಬಸ್ಸಿನಲ್ಲಿ ಬೆಟ್ಟಮ್ಮ ಕಿಟಕಿಯಾಚೆ ನೋಡುತ್ತಲೇ ಕೇಳಿದಳು. "ಅದು ನೀವೇ ಅಲ್ವಾ?"

ಅವನು ಟಿಕೆಟನ್ನು ಮಡಿಸಿ ಜೇಬಿಗಿಟ್ಟ.

"ಆ ಮಗೀಗ್ ವಡುದ್ಬುಟ್ಲಲ್ಲ," ಎಂದಳು.

ಆಷಾಢದ ಹೊತ್ತಿಗೆ ದೀಪಶ್ರೀ ಫೋನಿನಲ್ಲಿ ಬೆಟ್ಟಮ್ಮನ ಹತ್ತಿರ ಅತ್ತುಕೊಂಡಳು. ಹಂಸಿಕ ದಿವಾನದ ಹತ್ತಿರ ಸುಳಿಯುವುದಿಲ್ಲವಂತೆ. ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟಿದ್ದ ಮಗು ಈಗ ನಿಜವಾಗಿಯೂ ಮಾಡುತ್ತಿದೆಯಂತೆ. ಸ್ಕೂಲಿನಲ್ಲೂ ಒಂದು ದಿನ ಮಾಡಿಕೊಂಡಿತಂತೆ. ಕಾಮಾಕ್ಷಮ್ಮ ಮಗುವಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಮಲಗಿಸುತ್ತಾರಂತೆ. ಫೋನು ಇಟ್ಟ ಮೇಲೆ ಬೆಟ್ಟಮ್ಮ ಗಂಡನ ಕಡೆ ನೋಡಿದಳು, ಅಷ್ಟೇ. ಪುಟ್ಟರಾಜು ಹೋಗಿ ಹೇಳಬೇಕು ಎಂದುಕೊಂಡ. ಹೇಳಲು ಹೋಗಿ ಅಲ್ಲೇ, ಅವರ ಮುಂದೆಯೇ ಮತ್ತೆ ಒದ್ದೆಯಾದರೆ ಎಂಬ ಹೆದರಿಕೆ ಕಾಲು ಕಟ್ಟಿತು. ಇನ್ನೊಂದು ತಿಂಗಳು ಹಾಗೆಯೇ ಹೋಯಿತು.

ಶ್ರಾವಣದಲ್ಲಿ ತೋರಿಸಿಕೊಂಡು ಬರಲು ಹಾಸನಕ್ಕೆ ಹೋದಾಗ ಆಸ್ಪತ್ರೆಯ ಬೆಂಚಿನಲ್ಲಿ ಅರಕಲಗೂಡಿನ ಕಡೆಯ ಮಂಚಯ್ಯ ಸಿಕ್ಕಿದ. ಹೊಗೆಸೊಪ್ಪು ಬೆಳೆಯುವವನು, ಎಪ್ಪತ್ತರ ಹತ್ತಿರ, ಅದೇ ಆಪರೇಷನ್ ಆಗಿ ಎರಡು ವರ್ಷವಾಗಿತ್ತು. ಬೆಂಚಿನಲ್ಲಿ ಜಾಗವಿದ್ದರೂ ಗೋಡೆಗೆ ಒರಗಿ ನಿಂತಿದ್ದ ಪುಟ್ಟರಾಜುವನ್ನು ನೋಡಿಯೇ ಅವನಿಗೆ ತಿಳಿದಿತ್ತು.

"ಸೋರ್ತದಾ?" ಎಂದ ಮಂಚಯ್ಯ, ಮಳೆ ಬಂತಾ ಎಂದು ಕೇಳಿದ ಹಾಗೆ. "ನಂಗೂ ನಿಂತಿಲ್ಲ. ಇದುಕ್ಕೇ ಅಂತ ಚಡ್ಡಿ ಬತ್ತವೆ ಕಣಯ್ಯ. ನೋಡಾಕೆ ಮಾಮೂಲಿ ಚಡ್ಡೀನೇ, ಮುಂದ್ಗಡೆ ವಳುಗೆ ದಪ್ಪುಕ್ಕೆ ಬಟ್ಟೆ ವಲ್ದವ್ರೆ. ಅದು ಈರ್ಕಂಡ್ಬುಡ್ತದೆ. ಬಿಸಾಕಂಗಿಲ್ಲ, ವಗ್ದು ವಗ್ದು ಆಕ್ಕಬೋದು."

"ತಡಿತದಾ?"

"ಒಂದ್ ಲೋಟದಷ್ಟು ತಡಿತದೆ. ಕೊಳಾಯಿ ಬುಟ್ಟಂಗೆ ಬುಟ್ರೆ ಅದೇನ್ ಮಾಡೀತು. ಮೂರಾದ್ರೂ ತರುಸ್ಕೊ, ಮಳೆಗಾಲ್ದಲ್ಲಿ ಬ್ಯಾಗ ವಣಗಲ್ಲ. ತಣ್ಣೀರಲ್ಲೇ ಅದ್ದು. ನೀರ್ ಕುಡಿಯೋದ್ ಬುಡಬ್ಯಾಡ, ವಾಸ್ನೆ ಜಾಸ್ತಿ ಆಯ್ತದೆ."

ಊರಿಗೆ ಬಂದವನೇ ಚನ್ನರಾಯಪಟ್ಟಣದ ಔಷಧಿ ಅಂಗಡಿಯಲ್ಲಿ ಹೇಳಿ ತರಿಸಿದ. ಮೂರು ಚಡ್ಡಿ, ಎಲ್ಲವೂ ಕಪ್ಪು. ಮೊದಲ ದಿನ ಹಾಕಿಕೊಂಡು ಊರಿನ ಕೆರೆಯವರೆಗೆ ನಡೆದು ಬಂದ. ಒಳಗೆ ಭಾರವಾಯಿತು, ಹೊರಗೆ ಏನೂ ಕಾಣಲಿಲ್ಲ. ಮರುದಿನ ಹಿತ್ತಿಲಲ್ಲಿ ಕಾಯಿ ಸುಲಿದು ನೋಡಿದ. ಹತ್ತನೆಯದಕ್ಕೆ ಆ ಚಡ್ಡಿಯೂ ಸೋತಿತು. ಹಾರೆಯನ್ನು ಅಲ್ಲಾಡಿಸಿ ಕಿತ್ತು ಗೋಡೆಗೆ ಒರಗಿಸಿ ಇಟ್ಟ. ಆದರೆ ಬಸ್ಸಿನಲ್ಲಿ ಕೂರಬಹುದು ಎಂಬುದು ಖಾತ್ರಿಯಾಗಿತ್ತು.

ಗೌರಿ ಹಬ್ಬಕ್ಕೆ ಮೊದಲು, ಒಬ್ಬನೇ ಹೊಳೆನರಸೀಪುರಕ್ಕೆ ಹೋದ. ದೀಪಶ್ರೀ ತರಕಾರಿ ಬಿಡಿಸುತ್ತಿದ್ದಳು, ಮಗು ಅವಳ ಪಕ್ಕದಲ್ಲಿತ್ತು. ಅವನು ನಿಂತೇ ಹೇಳಿದ.

"ಗೃಹಪ್ರವೇಸದ ದಿಸ ದಿವಾನ ಒದ್ದೆ ಮಾಡಿದ್ದು ಮಗು ಅಲ್ಲ ಕಣವ್ವ. ನಾನು. ಆಪರೇಸನ್ ಆದಾಗ್ಲಿಂದ ನಂಗೆ ಹಿಡ್ತ ಇಲ್ಲ."

ಅವಳ ಕೈ ನಿಂತಿತು.

"ನಾನ್ ವಡಿಯೋವಾಗ ನೀವ್ ಅಲ್ಲೇ ನಿಂತಿದ್ರಿ ಮಾವ."

"ನಿಂತಿದ್ದೆ."

"ಯೋಳಿದ್ರೆ ನಾನೇನ್ ಅಂತಿದ್ದೆ ನಿಮ್ಗೆ? ನನ್ ತೊಟ್ಲು ಬಟ್ಟೆ ವಗ್ದ ಅವ್ವ ಓದ್ಮ್ಯಾಲೆ, ಐದ್ ವರ್ಸದವ್ಳಿದ್ದಾಗ್ಲಿಂದ ನಂದೆಲ್ಲಾ ಮಾಡಿದ್ದು ನೀವೇ ಅಲ್ವಾ."

ಅವನು ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಹಂಸಿ, ಅವತ್ತು ಮಾಡಿದ್ದು ನೀನಲ್ಲ ಕಣವ್ವ. ತಾತ ಮಾಡಿದ್ದು."

ಮಗು ಮೊದಲು ತಾಯಿಯ ಮುಖ ನೋಡಿತು. ಆಮೇಲೆ ತಲೆ ಆಡಿಸಿತು. "ಇಲ್ಲ ತಾತ. ನಾನೇ ಮಾಡಿದ್ದು. ಇನ್ಮ್ಯಾಕೆ ಮಾಡಲ್ಲ."

ಅವನು ಮತ್ತೆ ಹೇಳಿದ. ಅದು ಮತ್ತೆ ಹಾಗೆಯೇ ಹೇಳಿತು. ಮೂರನೇ ಸಲಕ್ಕೆ ಲಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ದೀಪಶ್ರೀ ಮಗುವನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು, "ಸಾಕು ಬುಡಿ ಮಾವ, ಕೇಳ್ಬ್ಯಾಡಿ" ಎಂದಳು. ಊಟಕ್ಕೆ ಇರಿ ಎಂದು ಅವಳು ಹೇಳಲಿಲ್ಲ, ಅವನೂ ಇರಲಿಲ್ಲ.

ವರ್ಷ ತುಂಬಿತು. ಪುಟ್ಟರಾಜುವಿನ ಸೋರಿಕೆ ನಿಲ್ಲಲಿಲ್ಲ. ಕಾಯಿ ಸುಲಿಯುವ ಕಡೆಯೇ ಈಗ ಅವನು ಕಾಯಿ ಆರಿಸಿ ಬೇರೆ ಮಾಡುವ ಕೆಲಸಕ್ಕೆ ಕೂರುತ್ತಾನೆ. ಎರಡು ತಾಸಿಗೊಮ್ಮೆ ಎದ್ದು ಮರೆಗೆ ಹೋಗಿ ಬದಲಾಯಿಸಿಕೊಂಡು ಬರುತ್ತಾನೆ. ಯಾಕೆಂದು ಕೇಳಿದವರಿಗೆ ಇದ್ದದ್ದನ್ನು ಹೇಳಿದ. ಒಬ್ಬಿಬ್ಬರು ನಕ್ಕರು, ಆಮೇಲೆ ಕೇಳುವುದನ್ನು ಬಿಟ್ಟರು. ದೀಪಶ್ರೀ ಫೋನು ಮಾಡಿದರೆ ಬೆಟ್ಟಮ್ಮನ ಜೊತೆ ಮಾತಾಡಿ ಇಡುತ್ತಾಳೆ.

ಯುಗಾದಿಗೆ ಮಗುವನ್ನು ಕರೆದುಕೊಂಡು ಬಂದಳು. ಜಗಲಿಯ ಮೇಲೆ ಪುಟ್ಟರಾಜುವಿನ ಪಕ್ಕ ಹಂಸಿಕ ಕೂತಳು, ಒಬ್ಬಟ್ಟು ತಿಂದಳು, ಸ್ಕೂಲಿನ ಹಾಡು ಹೇಳಿದಳು. ಆ ಒಂದು ಗಂಟೆಯಲ್ಲಿ ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗಿ ಬಂದಳು. ಪ್ರತಿ ಸಲವೂ ಮತ್ತೆ ಕೂರುವ ಮೊದಲು ತಾನು ಕೂತಿದ್ದ ಜಾಗವನ್ನು ಅಂಗೈಯಿಂದ ಮುಟ್ಟಿ ನೋಡಿಕೊಂಡಳು.